ಹೇಳಬೇಕೋ ಬೇಡವೋ: ಮೋಟಾರು ವಿಮೆಯ ಒಂದು ಚರಿತ್ರೆ

ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ. ಈ ನಾಲ್ಕೂ ಊರುಗಳನ್ನು ಒಂದೇ ರಸ್ತೆ ಪೋಣಿಸುತ್ತದೆ. ಮೊದಲು ಅದರ ಸಂಖ್ಯೆ 234, ಈಗ 69. ದ್ರಾಕ್ಷಿ, ಹೂವು, ಟೊಮೆಟೊ, ರೇಷ್ಮೆ ಗೂಡು ಎಲ್ಲವೂ ಇದೇ ದಾರಿಯಲ್ಲಿ ಸಾಗಬೇಕು. ಸಂತೆಯ ದಿನ ಒಂದು ಗಂಟೆ ರಸ್ತೆ ಬದಿಯಲ್ಲಿ ನಿಂತು ನೋಡಿದರೆ ಒಂದಾದರೂ ಸಣ್ಣ ತಾಕಲಾಟ ಕಣ್ಣಿಗೆ ಬೀಳುತ್ತದೆ. ಕಾರಿನ ಬಂಪರ್ ಟೆಂಪೊಗೆ ತಗಲುತ್ತದೆ, ಬೈಕಿನ ಹ್ಯಾಂಡಲ್ ಕಾರಿನ ಬಾಗಿಲನ್ನು ಗೀರುತ್ತದೆ. ಕನ್ನಡ ಅರ್ಧ ತೆಲುಗು ಅರ್ಧ ಬೈಗುಳ ಐದು ನಿಮಿಷ ನಡೆಯುತ್ತದೆ. ಆಮೇಲೆ ಯಾರೋ ಹಿರಿಯರು ನಡುವೆ ಬಂದು "ಹೋಗ್ಲಿ ಬಿಡ್ರಪ್ಪ" ಅನ್ನುತ್ತಾರೆ, ಒಂದೆರಡು ನೋಟು ಕೈ ಬದಲಾಗುತ್ತದೆ. ಅಲ್ಲಿಗೆ ಮುಗಿಯಿತು. ಪೊಲೀಸ್ ಠಾಣೆಯ ಪುಸ್ತಕದಲ್ಲಾಗಲಿ ವಿಮಾ ಕಂಪನಿಯ ಕಡತದಲ್ಲಾಗಲಿ ಇದರ ಸುಳಿವು ಸಿಗುವುದಿಲ್ಲ.

ಚರಿತ್ರೆ ಬರೆಯುವವರಿಗೆ ದಾಖಲೆ ಬೇಕು. ಈ ಸಣ್ಣ ಅಪಘಾತಗಳಿಗೆ ದಾಖಲೆಯೇ ಇಲ್ಲ. ಆದರೆ ದಾಖಲೆ ಯಾಕಿಲ್ಲ ಎನ್ನುವುದಕ್ಕೆ ಒಂದು ಚರಿತ್ರೆ ಇದೆ, ಮತ್ತು ಅದು ನಾವು ಅಂದುಕೊಂಡದ್ದಕ್ಕಿಂತ ಉದ್ದವಾಗಿದೆ. ಕಾರಿಗೆ ಸಣ್ಣ ಪೆಟ್ಟಾದಾಗ ಇನ್ಸೂರೆನ್ಸಿನವರಿಗೆ ಹೇಳಬೇಕೋ ಬೇಡವೋ ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ಊಟದ ಹೊತ್ತಿನ ಮಾತು. ಆ ಮಾತಿನ ಎರಡೂ ಪಕ್ಕದ ವಾದಗಳು ಕಾನೂನಿನಲ್ಲೇ ಇವೆ. ಹೇಳಲೇಬೇಕು ಎನ್ನುತ್ತದೆ ಒಂದು ಪುಟ. ಹೇಳದಿದ್ದರೆ ಹಣ ಉಳಿಯುತ್ತದೆ ಎನ್ನುತ್ತದೆ ಇನ್ನೊಂದು.

'ವಿಮೆ' ಎಂಬ ಪದ ನಮಗೆ ಬಂದದ್ದು ಹಿಂದೂಸ್ತಾನಿಯ 'ಬೀಮಾ'ದಿಂದ. ಅದರ ಹಿಂದಿರುವ ಪರ್ಷಿಯನ್ 'ಬೀಮ್' ಎಂದರೆ ಭಯ, ಅಪಾಯ. ಪಂಜಾಬಿನ ಬಟಾಲಾ ಊರಿನ ಸುಜಾನ್ ರಾಯ್ 1695ರ ಸುಮಾರಿಗೆ ಬರೆದ ಪರ್ಷಿಯನ್ ಗ್ರಂಥದಲ್ಲಿ ಸರಾಫರು ವ್ಯಾಪಾರಿಗಳ ಸರಕನ್ನು ಹಣ ಪಡೆದು ತಮ್ಮ ಹೊಣೆಯಲ್ಲಿ ಬೇರೆ ಊರಿಗೆ ತಲುಪಿಸುತ್ತಿದ್ದ ಪದ್ಧತಿಯನ್ನು ವರ್ಣಿಸಿದ್ದಾನೆ. ಅದಕ್ಕೆ ಹೆಸರು ಬೀಮಾ. ದಾರಿಯ ಭಯಕ್ಕೆ ಬೆಲೆ ಕಟ್ಟುವುದು ಇಂಗ್ಲಿಷರು ಕಲಿಸಿಕೊಟ್ಟ ವಿದ್ಯೆಯೇನಲ್ಲ. ಆದರೆ ಆ ಬೀಮಾದಲ್ಲಿ ಇದ್ದದ್ದು ಇಬ್ಬರೇ: ಸರಕಿನ ಯಜಮಾನ ಮತ್ತು ಹೊಣೆ ಹೊತ್ತ ಸರಾಫ. ದಾರಿಯಲ್ಲಿ ಗಾಡಿಗೆ ಸಿಕ್ಕಿ ಕಾಲು ಮುರಿದುಕೊಂಡವನಿಗೆ ಆ ಒಪ್ಪಂದದಲ್ಲಿ ಜಾಗವಿರಲಿಲ್ಲ.

ಮೈಸೂರು ಸಂಸ್ಥಾನಕ್ಕೂ ವಿಮೆ ಹೊಸದಾಗಿರಲಿಲ್ಲ. ಸರ್ಕಾರಿ ನೌಕರರಿಗಾಗಿ 1891ರಲ್ಲೇ ಸಂಸ್ಥಾನ ಜೀವವಿಮಾ ಯೋಜನೆ ತಂದಿತ್ತು. ಇಂದಿನ ಕೆಜಿಐಡಿಯ ಮೂಲ ಅದೇ. ಸಂಬಳದ ಚೀಟಿಯಲ್ಲಿ ಕೆಜಿಐಡಿ ಕಡಿತ ನೋಡಿ ಬೆಳೆದ ಮೇಷ್ಟರ ಮನೆಗಳು ಕೋಲಾರ ಸೀಮೆಯಲ್ಲಿ ಎಷ್ಟೋ ಇವೆ. ಅದೂ ಇಬ್ಬರ ನಡುವಿನ ವ್ಯವಹಾರವೇ.

ಮೂರನೆಯವನು ಬಂದದ್ದು ಮೋಟಾರಿನ ಜೊತೆ. ಅಮೆರಿಕದ ಬಫಲೋ ನಗರದ ಡಾಕ್ಟರ್ ಟ್ರೂಮನ್ ಮಾರ್ಟಿನ್ ಎಂಬವರು 1898ರಲ್ಲಿ 11 ಡಾಲರ್ 25 ಸೆಂಟ್ ಕೊಟ್ಟು 5,000 ಡಾಲರ್‌ವರೆಗಿನ ರಕ್ಷಣೆಯ ಪಾಲಿಸಿ ಕೊಂಡರು ಎಂಬುದನ್ನು ವಿಮೆಯ ಚರಿತ್ರೆಗಳೆಲ್ಲ ಹೇಳುತ್ತವೆ. ಅವರ ಚಿಂತೆ ತಮ್ಮ ಕಾರಿನದಲ್ಲ. ತಮ್ಮ ಕಾರಿನಿಂದ ಇತರರಿಗೆ, ಅವರ ಕುದುರೆಗಳಿಗೆ ಏನಾದರೂ ಆದರೆ ಯಾರು ಕೊಡಬೇಕು ಎಂಬುದು. ಬ್ರಿಟನ್ 1930ರ ರಸ್ತೆ ಸಂಚಾರ ಕಾಯ್ದೆಯಲ್ಲಿ ಈ ಚಿಂತೆಯನ್ನು ಎಲ್ಲ ವಾಹನ ಮಾಲೀಕರ ಮೇಲೂ ಕಡ್ಡಾಯ ಮಾಡಿತು. ಭಾರತದ ಮೋಟಾರು ವಾಹನ ಕಾಯ್ದೆ 1939ರಲ್ಲಿ ಬಂತು. ಆದರೆ ಅದರ ಎಂಟನೆಯ ಅಧ್ಯಾಯ, ಅಂದರೆ ಕಡ್ಡಾಯ ವಿಮೆಯ ಭಾಗ, ಜಾರಿಯಾದದ್ದು 1946ರ ಜುಲೈ 1ರಂದು. ನಡುವೆ ಒಂದು ಮಹಾಯುದ್ಧವೇ ಆಗಿಹೋಯಿತು.

ಇಲ್ಲಿ ನಮ್ಮ ಸೀಮೆಯ ಮಟ್ಟಿಗೆ ಒಂದು ಸ್ವಾರಸ್ಯವಿದೆ. ಅದು ಬ್ರಿಟಿಷ್ ಇಂಡಿಯಾದ ಕಾನೂನು. ಗೌರಿಬಿದನೂರು ಮೈಸೂರು ಮಹಾರಾಜರದು. ಪಕ್ಕದ ಹಿಂದೂಪುರ ಮದ್ರಾಸ್ ಪ್ರೆಸಿಡೆನ್ಸಿಯದು. ಗಡಿ ದಾಟುತ್ತಿದ್ದ ಬಸ್ಸು ಒಂದು ಸರ್ಕಾರದ ಕಾಯ್ದೆಯಿಂದ ಇನ್ನೊಂದು ಸರ್ಕಾರದ ಕಾಯ್ದೆಗೆ ದಾಟುತ್ತಿತ್ತು. ಒಂದೇ ಕಾಯ್ದೆ ಎರಡೂ ಊರಿಗೆ ಬಂದದ್ದು ಸ್ವಾತಂತ್ರ್ಯದ ನಂತರ.

ವಿಮೆಯ ಕರಾರಿನಲ್ಲಿ ಮೊದಲನೆಯವನು ಮಾಲೀಕ, ಎರಡನೆಯದು ಕಂಪನಿ, ಮೂರನೆಯವನು ಬೀದಿಯಲ್ಲಿ ಹೋಗುತ್ತಿದ್ದ ಯಾರೋ. ಅವನು ಸಹಿ ಹಾಕಿಲ್ಲ, ಪ್ರೀಮಿಯಂ ಕಟ್ಟಿಲ್ಲ, ಆದರೂ ಕಾನೂನು ಕಡ್ಡಾಯ ಮಾಡಿರುವುದು ಅವನ ಸಲುವಾಗಿ ಮಾತ್ರ. ನಮ್ಮ ಕಾರಿನ ಗೀರಿಗೆ ವಿಮೆ ಮಾಡಿಸಿ ಎಂದು ಯಾವ ಕಾಯ್ದೆಯೂ ಹೇಳುವುದಿಲ್ಲ. ನಮ್ಮ ಕಡೆ ಜನ ಸಮಗ್ರ ಪಾಲಿಸಿಯನ್ನು 'ಫಸ್ಟ್ ಪಾರ್ಟಿ ಇನ್ಸೂರೆನ್ಸ್' ಎನ್ನುತ್ತಾರೆ. ಪಾಲಿಸಿಯ ಕಾಗದದಲ್ಲಿ ಆ ಹೆಸರು ಇರುವುದಿಲ್ಲ, ಆದರೆ ಅರ್ಥ ಸರಿಯಾಗಿಯೇ ಇದೆ: ಇದು ನನಗೆ, ಅದು ಅವನಿಗೆ.

1956ರ ತಿದ್ದುಪಡಿ ಅಪಘಾತ ಪರಿಹಾರಕ್ಕೆಂದೇ ಪ್ರತ್ಯೇಕ ನ್ಯಾಯಮಂಡಳಿಗಳಿಗೆ ದಾರಿ ಮಾಡಿತು. 1973ರ ಜನವರಿ 1ರಿಂದ ಸಾಮಾನ್ಯ ವಿಮೆ ರಾಷ್ಟ್ರೀಕರಣವಾಗಿ, ನೂರಕ್ಕೂ ಹೆಚ್ಚು ಕಂಪನಿಗಳು ನಾಲ್ಕರಲ್ಲಿ ಸೇರಿಹೋದವು. ಈಗಿನ ಕಾಯ್ದೆ 1988ರದು, ಜಾರಿಗೆ ಬಂದದ್ದು 1989ರ ಜುಲೈ 1ರಂದು. ಇದರ 134ನೆಯ ಕಲಮನ್ನು ಕಾರು ಇರುವವರೆಲ್ಲ ಒಮ್ಮೆ ಓದಬೇಕು. ಅಪಘಾತದಲ್ಲಿ ಯಾರಿಗಾದರೂ ಗಾಯವಾದರೆ, ಇಲ್ಲವೇ ಮೂರನೆಯವರ ಸ್ವತ್ತಿಗೆ ಹಾನಿಯಾದರೆ, ಚಾಲಕ ಗಾಯಾಳುವಿಗೆ ಚಿಕಿತ್ಸೆ ಕೊಡಿಸಬೇಕು. ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ, ಹತ್ತಿರದ ಠಾಣೆಗೆ ತಿಳಿಸಬೇಕು. 1994ರ ತಿದ್ದುಪಡಿ ಮೂರನೆಯ ಕರ್ತವ್ಯವೊಂದನ್ನು ಸೇರಿಸಿತು: ಪಾಲಿಸಿ ಸಂಖ್ಯೆ, ಅಪಘಾತದ ದಿನ, ಹೊತ್ತು, ಜಾಗ, ಗಾಯಗೊಂಡವರ ವಿವರ, ಚಾಲಕನ ಹೆಸರು, ಲೈಸೆನ್ಸ್ ಇಷ್ಟನ್ನೂ ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಬೇಕು.

ಇದೇ ಕಲಮಿನಲ್ಲಿ ಚಿಕಿತ್ಸೆ ಕೊಡಿಸುವ ಕರ್ತವ್ಯಕ್ಕೆ ಒಂದು ವಿನಾಯಿತಿ ಇದೆ: ರೊಚ್ಚಿಗೆದ್ದ ಗುಂಪಿನಿಂದಾಗಿ ಅದು ಸಾಧ್ಯವಾಗದಿದ್ದರೆ ಎಂದು. ದೆಹಲಿಯಲ್ಲಿ ಕೂತು ಕರಡು ಬರೆದವರಿಗೆ ನಮ್ಮ ರಸ್ತೆಗಳು ಚೆನ್ನಾಗಿ ಗೊತ್ತಿದ್ದವು ಎನಿಸುತ್ತದೆ.

ಈ ಕಲಮನ್ನು ಮುರಿದವರಿಗೆ ಮೊದಲು 500 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಸಜೆ ಇತ್ತು. 2019ರ ತಿದ್ದುಪಡಿ ಅದನ್ನು 5,000 ರೂಪಾಯಿ ಮತ್ತು ಆರು ತಿಂಗಳಿಗೆ ಏರಿಸಿತು. ಅಂದರೆ ರಸ್ತೆ ಬದಿಯ "ಹೋಗ್ಲಿ ಬಿಡ್ರಪ್ಪ" ಎಂಬ ನ್ಯಾಯ ಹೆಚ್ಚಿನ ಸಲ ಕಾಯ್ದೆಗೆ ವಿರುದ್ಧವೇ. ಅದು ಪಾಲಿಸಿಗೂ ವಿರುದ್ಧ. ಪಾಲಿಸಿಯ ಎರಡನೆಯ ಷರತ್ತಿನ ಪ್ರಕಾರ, ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ನಾವು ತಪ್ಪೊಪ್ಪಿಕೊಳ್ಳುವ ಹಾಗಿಲ್ಲ, ಹಣ ಕೊಡುತ್ತೇನೆಂದು ಮಾತು ಕೊಡುವ ಹಾಗಿಲ್ಲ, ಕೊಡುವ ಹಾಗೂ ಇಲ್ಲ. "ನಂದೇ ತಪ್ಪು ಕಣಣ್ಣ, ತಗೋ" ಎನ್ನುವ ಒಳ್ಳೆಯ ಮನುಷ್ಯ ಒಂದೇ ಉಸಿರಿನಲ್ಲಿ ಮೂರನ್ನೂ ಮಾಡಿರುತ್ತಾನೆ.

ಹಾಗಾದರೆ ಯಾರೂ ಯಾಕೆ ಹೇಳುವುದಿಲ್ಲ? ಸೋಮಾರಿತನ, ಠಾಣೆಯ ಭಯ, ಕಚೇರಿ ಅಲೆದಾಟ ಇವೆಲ್ಲ ಇದ್ದದ್ದೇ. ಆದರೆ ದೊಡ್ಡ ಕಾರಣ ನೋ ಕ್ಲೈಮ್ ಬೋನಸ್. ಒಂದು ವರ್ಷ ಕ್ಲೈಮ್ ಮಾಡದಿದ್ದರೆ ಮುಂದಿನ ವರ್ಷ ಸ್ವಂತ ಹಾನಿಯ ಪ್ರೀಮಿಯಮ್ಮಿನಲ್ಲಿ ನೂರಕ್ಕೆ 20 ಸೋಡಿ, ಎರಡು ವರ್ಷಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಈ ಏಣಿ 2002ರ ಜುಲೈ 1ರಿಂದ ಜಾರಿಗೆ ಬಂದ ಮೋಟಾರು ಸುಂಕಪಟ್ಟಿಯದು. ಅದಕ್ಕೂ ಹಿಂದೆ ಏಣಿ ಇನ್ನೂ ಎತ್ತರವಿತ್ತು. 55, 65 ಪಡೆದಿದ್ದವರು ಅದನ್ನು ಉಳಿಸಿಕೊಳ್ಳಲು ಹೊಸ ಪಟ್ಟಿಯಲ್ಲಿ ವಿಶೇಷ ಅವಕಾಶ ಮಾಡಬೇಕಾಯಿತು. 2007ರ ಜನವರಿಯಿಂದ ಸ್ವಂತ ಹಾನಿಯ ದರಗಳ ಮೇಲಿನ ಹಿಡಿತ ಸಡಿಲಿತು, ಕಂಪನಿಗಳು ತಮಗೆ ತೋಚಿದ ದರ ಹಾಕತೊಡಗಿದವು, ಆದರೆ ಏಣಿ ಅಲ್ಲಾಡಲಿಲ್ಲ. ಒಂದೇ ಒಂದು ಕ್ಲೈಮ್ ಮಾಡಿದರೆ ಮೇಲಿನ ಮೆಟ್ಟಿಲಿನಿಂದ ನೇರ ನೆಲಕ್ಕೆ. ನಮ್ಮ ಹಳೆಯ ಹಾವು ಏಣಿ ಆಟದ 98ನೆಯ ಮನೆಯ ಹಾವಿನಂತೆ.

ಲೆಕ್ಕ ಹಾಕಿ ನೋಡೋಣ. ಸುಲಭವಾಗಲೆಂದು ದುಂಡು ಅಂಕಿಗಳು. ಸ್ವಂತ ಹಾನಿಯ ಪ್ರೀಮಿಯಂ ವರ್ಷಕ್ಕೆ 8,000 ರೂಪಾಯಿ, ಬೋನಸ್ಸು 50. ಕಟ್ಟುತ್ತಿರುವುದು 4,000. ಬಂಪರ್ ಒಡೆಯಿತು. ಹೊಸದಕ್ಕೆ 4,000, ಬಣ್ಣ ಮತ್ತು ಕೂಲಿ 5,000, ಒಟ್ಟು 9,000. ಪ್ಲಾಸ್ಟಿಕ್ ಭಾಗಗಳಿಗೆ ಕಂಪನಿ ಅರ್ಧ ಸವಕಳಿ ಹಿಡಿಯುತ್ತದೆ, ಅಲ್ಲಿ 2,000 ಹೋಯಿತು. 1500 ಸಿಸಿವರೆಗಿನ ಕಾರಿಗೆ ಕಡ್ಡಾಯ ಕಡಿತ 1,000. ಬಣ್ಣದ ಮೇಲಿನ ಸಣ್ಣ ಕಡಿತವನ್ನು ಬಿಟ್ಟರೂ ಕೈಗೆ ಬರುವುದು 6,000. ಇನ್ನು ಕಳೆದುಕೊಳ್ಳುವುದು: ಮೊದಲ ವರ್ಷ ಬೋನಸ್ಸಿಲ್ಲ, 4,000 ಹೆಚ್ಚು. ಎರಡನೆಯ ವರ್ಷ 20ರ ಮೆಟ್ಟಿಲು, 2,400 ಹೆಚ್ಚು. ಆಮೇಲೆ 2,000, 1,200, 400. ಐದು ವರ್ಷಕ್ಕೆ 10,000. ಕಾರು ಹಳೆಯದಾದಂತೆ ಪ್ರೀಮಿಯಂ ಇಳಿಯುವುದರಿಂದ ನಿಜದಲ್ಲಿ ತುಸು ಕಡಿಮೆಯಾಗಬಹುದು, ಆದರೆ ತಕ್ಕಡಿ ಯಾವ ಕಡೆ ವಾಲುತ್ತದೆ ಎನ್ನುವುದರಲ್ಲಿ ಅನುಮಾನವಿಲ್ಲ. ಆರು ಸಾವಿರ ಪಡೆಯಲು ಹತ್ತು ಸಾವಿರ ಕೊಡುವವನನ್ನು ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಯಾರೂ ಜಾಣ ಎನ್ನುವುದಿಲ್ಲ.

ಈ ಲೆಕ್ಕ ನಮ್ಮೂರ ಗ್ಯಾರೇಜಿನವನಿಗೆ ಬಾಯಿಪಾಠ. "ಸಾರ್, ಕ್ಲೈಮಿಗೆ ಹೋಗ್ಬೇಡಿ, ನಾನೇ ಕಮ್ಮೀಲಿ ಮಾಡಿಕೊಡ್ತೀನಿ." ವಿಶ್ವವಿದ್ಯಾಲಯಗಳಲ್ಲಿ ಇದಕ್ಕೊಂದು ಹೆಸರೂ ಇದೆ. ಬೆಲ್ಜಿಯಂನ ವಿಮಾ ಗಣಿತಜ್ಞ ಜಾನ್ ಲೆಮೇರ್ 1977ರಲ್ಲಿ ಫ್ರೆಂಚಿನಲ್ಲಿ ಬರೆದ ಪ್ರಬಂಧದ ಶೀರ್ಷಿಕೆಯ ಅರ್ಥ 'ಬೋನಸ್ಸಿನ ದಾಹ'. ಎಷ್ಟು ರೂಪಾಯಿವರೆಗಿನ ಹಾನಿಯನ್ನು ಚಾಲಕ ತಾನೇ ನುಂಗಿಕೊಂಡು ಸುಮ್ಮನಿದ್ದರೆ ಲಾಭ ಎಂಬುದನ್ನು ಅವರು ಮೆಟ್ಟಿಲು ಮೆಟ್ಟಿಲಾಗಿ ಗಣಿತದಿಂದ ತೋರಿಸಿದರು. ಕಂಪನಿಗಳಿಗೂ ಈ ದಾಹ ಬೇಕು. ಸಣ್ಣ ಸಣ್ಣ ಕ್ಲೈಮುಗಳಿಗೆ ಕಾಗದ, ಸರ್ವೇಯರ್, ಗುಮಾಸ್ತರು ಎಂದು ಆಗುವ ಖರ್ಚು ಕೆಲವೊಮ್ಮೆ ಕ್ಲೈಮಿಗೆ ಸಮವಾಗಿಬಿಡುತ್ತದೆ. ಹಾಗಾಗಿ ಮೌನಕ್ಕೆ ಕೊಡುವ ಬಹುಮಾನ ಎರಡೂ ಕಡೆಯವರಿಗೆ ಹಿತ.

ಮೂರನೆಯವನು? ಈ ಲೆಕ್ಕದಲ್ಲಿ ಅವನು ಎಲ್ಲೂ ಬರುವುದಿಲ್ಲ.

ನನ್ನ ಭಾವ ನಿವೃತ್ತ ಮೇಷ್ಟರು. ಹೋದ ವರ್ಷ ಚಿಂತಾಮಣಿ ಕಡೆಯಿಂದ ಬರುತ್ತ, ಶಿಡ್ಲಘಟ್ಟದ ಹತ್ತಿರ ಮುಂದೆ ಹೋಗುತ್ತಿದ್ದ ಲಗೇಜ್ ಆಟೊ ತಟ್ಟನೆ ನಿಂತಾಗ ಅದರ ಹಿಂಬದಿಗೆ ತಗುಲಿಸಿದರು. ಕಾರಿನ ಬಂಪರ್ ಸೀಳಿತು, ಆಟೊದ ದೀಪ ಒಡೆಯಿತು. ಗೂಡಿನ ಕ್ರೇಟುಗಳ ಪಕ್ಕ ಕೂತಿದ್ದ ಹದಿನೈದು ಹದಿನಾರರ ಹುಡುಗನ ಮೊಣಕೈ ತರಚಿತು. ಆಟೊದವನಿಗೆ ಅವಸರ. "ಹರಾಜಿನ ಹೊತ್ತಾಯ್ತು ಸಾರ್, ದೀಪದ ದುಡ್ಡು ಕೊಟ್ಬಿಡಿ, ಹೋಗ್ತೀನಿ." ಭಾವ ದೀಪದ ದುಡ್ಡು ಕೊಟ್ಟರು, ಹುಡುಗನನ್ನು ಕ್ಲಿನಿಕ್ಕಿಗೆ ಕರೆದೊಯ್ದು ಡ್ರೆಸ್ಸಿಂಗ್ ಮಾಡಿಸಿ ಟಿಟಿ ಹಾಕಿಸಿದರು. ಸಂಜೆ ನನಗೆ ಫೋನು ಮಾಡಿದರು. ಹಳೆಯ ಕಾಯ್ದೆ ಪುಸ್ತಕಗಳನ್ನು ತಿರುವುವ ಚಟ ನನಗಿದೆ ಎಂದು ಅವರಿಗೆ ಗೊತ್ತು.

ನಾನು ಮೇಲಿನ ಎರಡು ಪುಟಗಳನ್ನೂ ಅವರಿಗೆ ಹೇಳಿದೆ. ಲೆಕ್ಕ ಹೇಳಿದಾಗ ಅವರು "ಹಾಗಾದ್ರೆ ಸುಮ್ನಿರೋದೇ ವಾಸಿ" ಎಂದರು. 134 ಹೇಳಿದಾಗ ಸುಮ್ಮನಾದರು. ಆಮೇಲೆ, "ಹುಡುಗನ ಕೈ ಒಳಗೇನಾದ್ರೂ ಆಗಿದ್ರೆ? ನಾಳೆ ಊದಿಕೊಂಡ್ರೆ ಅವರಪ್ಪ ಯಾರನ್ನ ಕೇಳ್ತಾನೆ?" ಎಂದರು.

ಅವರ ಈ ಮಾತಿನಿಂದ ನನಗೆ ಸ್ಪಷ್ಟವಾದದ್ದು ಒಂದಿದೆ. ತಿಳಿಸುವುದು ಬೇರೆ, ಕೇಳುವುದು ಬೇರೆ. ನಾವು ಎರಡನ್ನೂ 'ಕ್ಲೈಮ್ ಮಾಡೋದು' ಎಂಬ ಒಂದೇ ಮಾತಿನಲ್ಲಿ ಸೇರಿಸಿಬಿಟ್ಟಿದ್ದೇವೆ. 134ನೆಯ ಕಲಮು ಕೇಳುವುದು ಮಾಹಿತಿ, ಹಣದ ಕೋರಿಕೆಯಲ್ಲ. ಬೋನಸ್ಸಿನ ಏಣಿ ನೋಡುವುದು ಸ್ವಂತ ಹಾನಿಗೆ ಹಣ ಕೇಳಿದ್ದೀರಾ ಎಂಬುದನ್ನು. ಹೀಗೆ ಬೇರೆ ಬೇರೆ ಇದ್ದ ಎರಡು ಗೊಂದಲವಾಗಲು ಪಾಲಿಸಿಯ ಭಾಷೆಯೂ ಕಾರಣ. ಅದರ ಮೊದಲ ಷರತ್ತು ಅಪಘಾತವಾದ ಕೂಡಲೇ ತಿಳಿಸಿ ಎನ್ನುತ್ತದೆ, ಜೊತೆಗೇ ಕ್ಲೈಮ್ ಇದ್ದ ಪಕ್ಷದಲ್ಲಿ ಎಂಬರ್ಥದ ಮಾತನ್ನೂ ಸೇರಿಸುತ್ತದೆ. ಕ್ಲೈಮ್ ಬರುತ್ತದೋ ಇಲ್ಲವೋ ಎಂಬುದು ಮೊದಲ ದಿನವೇ ಗೊತ್ತಾಗಿಬಿಡುವ ಹಾಗೆ!

ಭಾವ ಅದೇ ರಾತ್ರಿ ಠಾಣೆಗೆ ಹೋಗಿ ನಡೆದದ್ದನ್ನು ಬರೆದುಕೊಟ್ಟರು. "ರಾಜಿ ಆದ್ಮೇಲೆ ಯಾಕ್ ಬಂದ್ರಿ ಮೇಷ್ಟ್ರೇ" ಎಂದು ಅಲ್ಲಿದ್ದವರು ಕೇಳಿದರಂತೆ. ಮರುದಿನ ವಿಮಾ ಕಚೇರಿಗೆ ಒಂದು ಪುಟದ ಪತ್ರ: ಇಂಥ ದಿನ ಇಂಥ ಜಾಗದಲ್ಲಿ ಹೀಗಾಯಿತು, ನನ್ನ ಕಾರಿಗೆ ನಾನು ಏನೂ ಕೇಳುತ್ತಿಲ್ಲ, ಹುಡುಗನ ಹೆಸರು ಇದು, ಸ್ಥಳದಲ್ಲಿ ಕೊಟ್ಟ ಹಣ ಇಷ್ಟು. ಕೌಂಟರಿನ ಹುಡುಗಿ ಪತ್ರವನ್ನು ಎರಡು ಸಲ ಓದಿ, "ಕ್ಲೈಮ್ ನಂಬರ್ ಇಲ್ದೆ ಇದನ್ನ ಎಲ್ಲಿ ಹಾಕ್ಲಿ ಸಾರ್?" ಎಂದಳು. ಕೊನೆಗೆ ನಕಲಿನ ಮೇಲೆ ಮೊಹರು ಒತ್ತಿ ಕೊಟ್ಟಳು. ನಮ್ಮಕ್ಕನಿಗೆ ಇದ್ಯಾವುದೂ ಹಿಡಿಸಲಿಲ್ಲ. "ಸುಮ್ನಿರಲಾರದೆ ಇರುವೆ ಬಿಟ್ಕೊಂಡ್ರು" ಎಂದು ತಿಂಗಳುಗಟ್ಟಲೆ ಅಂದಳು. ಬಂಪರನ್ನು ಭಾವ ತಮ್ಮ ದುಡ್ಡಿನಲ್ಲೇ ಹಾಕಿಸಿದರು.

ಅಕ್ಕನ ಮಾತಿನಲ್ಲಿ ತಿರುಳಿಲ್ಲ ಎನ್ನಲಾರೆ. ಹೇಳಿದವರಿಗೆ ಅಲೆದಾಟ, ಹೇಳದವರಿಗೆ ನೆಮ್ಮದಿ; ವ್ಯವಸ್ಥೆ ಇರುವುದೇ ಹಾಗೆ. ಆದರೆ ರಸ್ತೆ ಬದಿಯ ರಾಜಿಯನ್ನು ನಮ್ಮ ಜನರ ಸಹಜ ನ್ಯಾಯಬುದ್ಧಿ ಎಂದು ಹೊಗಳುವವರ ಜೊತೆ ನಾನಿಲ್ಲ. ಆ ರಾಜಿ ಕುದುರುವುದು ವಾಹನ ಇರುವ ಇಬ್ಬರ ನಡುವೆ. ಕ್ರೇಟಿನ ಪಕ್ಕ ಕೂತ ಕೂಲಿ ಹುಡುಗನ ಮಾತು ಅಲ್ಲಿ ಯಾರೂ ಕೇಳುವುದಿಲ್ಲ. 1946ರಲ್ಲಿ ಜಾರಿಯಾದ ಅಧ್ಯಾಯ ಇದ್ದದ್ದೇ ಅವನ ಸಲುವಾಗಿ.

ಎದುರಿನ ವಾಹನ ಸರ್ಕಾರಿ ಬಸ್ಸಾದರೆ ಕಥೆ ಇನ್ನೊಂದು. ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಶುರುವಾಯಿತು; 1961ರ ಆಗಸ್ಟ್‌ನಲ್ಲಿ ನಿಗಮವಾಯಿತು. ತನ್ನದೇ ನಿಧಿ ಇಟ್ಟುಕೊಂಡ ಸಾರಿಗೆ ಸಂಸ್ಥೆಗಳಿಗೆ ಕಡ್ಡಾಯ ವಿಮೆಯಿಂದ ವಿನಾಯಿತಿ ಕೊಡಲು ಕಾಯ್ದೆಯಲ್ಲಿ ಅವಕಾಶವಿದೆ, ಕೆಎಸ್ಆರ್‌ಟಿಸಿ ಹಾಗೆ ಆಂತರಿಕ ವಿಮಾ ನಿಧಿ ಇಟ್ಟುಕೊಂಡಿದೆ. ಕೆಂಪು ಬಸ್ಸಿನ ಹಿಂದೆ ವಿಮಾ ಕಂಪನಿ ಇಲ್ಲ, ಬಸ್ಸಿನ ಸಂಸ್ಥೆಯೇ ಇದೆ.

ತಡವಾಗಿ ತಿಳಿಸಿದವರ ಕಥೆಗಳೂ ಕೋರ್ಟುಗಳವರೆಗೆ ಹೋಗಿವೆ. ತಡವಾಯಿತು ಎಂಬ ಒಂದೇ ಕಾರಣಕ್ಕೆ ನಿಜವಾದ ಕ್ಲೈಮುಗಳನ್ನು ತಳ್ಳಿಹಾಕಬೇಡಿ ಎಂದು ನಿಯಂತ್ರಣ ಪ್ರಾಧಿಕಾರ 2011ರ ಸೆಪ್ಟೆಂಬರಿನಲ್ಲಿ ಕಂಪನಿಗಳಿಗೆ ಸುತ್ತೋಲೆ ಕಳಿಸಿತು. 2017ರಲ್ಲಿ ಓಂ ಪ್ರಕಾಶ್ ಪ್ರಕರಣದಲ್ಲಿ, 2020ರಲ್ಲಿ ಗುರ್‌ಶಿಂದರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದೇ ದಿಕ್ಕಿನಲ್ಲಿ ತೀರ್ಪು ಕೊಟ್ಟಿತು. ಎರಡೂ ವಾಹನ ಕಳವಿನ ಪ್ರಕರಣಗಳು. ಎರಡನೆಯದರಲ್ಲಿ ಮಾಲೀಕನ ಕೈ ಹಿಡಿದದ್ದು ಪೊಲೀಸರಿಗೆ ಆತ ಕೂಡಲೇ ಕೊಟ್ಟಿದ್ದ ದೂರು.

ಮೂರನೆಯವನಿಗೆ ಎಷ್ಟು ಕಾಲಾವಕಾಶ ಎಂಬುದೂ ಕಾಯ್ದೆಯಲ್ಲಿ ಹಿಂದೆ ಮುಂದೆ ಆಡಿದೆ. 1988ರ ಕಾಯ್ದೆ ಪರಿಹಾರದ ಅರ್ಜಿಗೆ ಆರು ತಿಂಗಳ ಗಡುವು ಹಾಕಿತ್ತು, ಸಕಾರಣವಿದ್ದರೆ ಹನ್ನೆರಡು ತಿಂಗಳವರೆಗೆ. ಚಾಲಕ ವಿಮಾ ಕಂಪನಿಗೆ ಬರೆದು ತಿಳಿಸಬೇಕು ಎಂದ 1994ರ ಅದೇ ತಿದ್ದುಪಡಿ ಈ ಗಡುವನ್ನು ಪೂರ್ತಿ ಕಿತ್ತುಹಾಕಿತು. ಗಾಯಗೊಂಡವರು ಬಡವರು, ದೂರದವರು, ಕಾನೂನು ತಿಳಿಯದವರು. ಅವರಿಗೆ ಕಾಲದ ಬೇಲಿ ಬೇಡ ಎಂಬ ವಾದ ಆಗ ಗೆದ್ದಿತ್ತು. ಸುಮಾರು ಇಪ್ಪತ್ತೇಳು ವರ್ಷ ಅದು ಹಾಗೇ ಇತ್ತು. 2019ರ ತಿದ್ದುಪಡಿ ಆರು ತಿಂಗಳ ಗಡುವನ್ನು ಮತ್ತೆ ತಂದಿತು, ಅದು ಜಾರಿಯಾದದ್ದು 2022ರ ಏಪ್ರಿಲ್ 1ರಿಂದ. ಅದೇ ದಿನದಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ ಪೊಲೀಸರು ಅಪಘಾತದ ಮೊದಲ ವರದಿಯನ್ನು 48 ಗಂಟೆಯೊಳಗೆ ನ್ಯಾಯಮಂಡಳಿಗೂ ವಿಮಾ ಕಂಪನಿಗೂ ತಲುಪಿಸಬೇಕು. ಆದರೆ ಆ 48 ಗಂಟೆಯ ಗಡಿಯಾರ ಓಡತೊಡಗುವುದು ಯಾರಾದರೂ ಠಾಣೆಗೆ ಬಂದು ಹೇಳಿದ ಮೇಲೆ. ಆರು ತಿಂಗಳಿನದು ಅಪಘಾತವಾದ ಗಳಿಗೆಯಿಂದಲೇ ಓಡುತ್ತಿರುತ್ತದೆ.